ಕಣ್ಣಿಗೊತ್ತಿಕೊಂಡ ಬಿಲ್ಲೆ

ಕೊಲೆ ಕೇಸಿನ ಆರೋಪಿಗಳು ತಮ್ಮ ವಕೀಲನಿಗೆ ಸುಳ್ಳು ಹೇಳುವುದು ವಾಡಿಕೆ. ನಾನೂ ಅವರಿಗೆ ಒಂದೆರಡು ಸುಳ್ಳು ಹೇಳಿ ಸರಿದೂಗಿಸಿಕೊಳ್ಳುತ್ತಿದ್ದೆ. ಆದರೆ ಕೋಲಾರದ ಜೈಲಿನಲ್ಲಿ ಕಂಡ ಆ ಹಾಲು ಮಾರುವ ಹೆಂಗಸು ಸುಳ್ಳೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಕಂಬಿಯ ಆಚೆ ಕುಕ್ಕರಗಾಲಲ್ಲಿ ಕೂತು, ಸಂತೆಯಲ್ಲಿ ದನದ ಹಲ್ಲು ನೋಡುವವರ ಹಾಗೆ ನನ್ನ ಮುಖ ನೋಡಿದಳು.

"ನಿಮ್ಮನ್ನ ಯಾರು ಕರೆದ್ರು ಸ್ವಾಮಿ?"

"ಜಡ್ಜ್ ಸಾಹೇಬರು ಕಣಮ್ಮ. ನಿನಗೆ ವಕೀಲರಿಲ್ಲ ಅಂತ ಜಿಲ್ಲೆಗೇ ದೊಡ್ಡ ವಕೀಲನನ್ನ ಹುಡುಕಿ ಕಳಿಸಿದಾರೆ."

"ದೊಡ್ಡೋರಾಗಿದ್ರೆ ಇಲ್ಲಿಗ್ಯಾಕೆ ಬತ್ತಿದ್ರಿ" ಎಂದಳು.

ಬಂಗಾರಪೇಟೆಯಲ್ಲಿ ನನ್ನ ಬಾಯಿಗೆ ಎದುರು ನಿಲ್ಲುವವರು ಯಾರೂ ಇರಲಿಲ್ಲ. ಸರ್ಕಾರಿ ವಕೀಲರ ಕೊಡೆಯೊಳಗೆ ಅಕ್ಕಿ ತುಂಬಿಟ್ಟು, ಅವರು ಸಾಹೇಬರ ಮುಂದೆಯೇ ಅದನ್ನು ಬಿಚ್ಚುವ ಹಾಗೆ ಮಾಡಿದವನು ನಾನು. ಇವಳು ಒಂದೇ ಮಾತಿನಲ್ಲಿ ನನ್ನನ್ನು ಕೂರಿಸಿದಳು. ಕೇಸು ಗೆಲ್ಲಲೇಬೇಕೆಂದು ಆಗಲೇ ಅನ್ನಿಸಿತು. ಸೋತರೆ ಅವಳ ಕುತ್ತಿಗೆಗೆ ಹಗ್ಗ, ಇಲ್ಲವೆ ಜೀವಾವಧಿ.

ಎಪ್ಪತ್ತರ ದಶಕದ ಕೊನೆಯ ಮಾತು. ಅವಳ ಮನೆ ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಗಂಡ ಚಿನ್ನದ ಗಣಿಯಲ್ಲಿ ಕೆಳಗಿಳಿಯುವ ಕೆಲಸದವನು, ನಿವೃತ್ತಿಗೆ ಹತ್ತಿರವಾಗಿದ್ದ. ಮಗನಿಗೂ ತಂದೆಯ ಹೆಸರಿನ ಮೇಲೆ ಅಲ್ಲೇ ಕೆಲಸ ಸಿಕ್ಕಿತ್ತು. ಪೊಲೀಸರು ಹೇಳಿದ ಕಥೆ ಇಷ್ಟು. ಒಂದು ಮಧ್ಯಾಹ್ನ ಲುಂಗಿ ಉಟ್ಟ, ಕೆಮ್ಮುವ ಮುದುಕನೊಬ್ಬ ತಗಡಿನ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಪೆಟ್ಟಿಗೆಯ ಮೇಲೆ ಬರ್ಮಾದ ಅಕ್ಷರಗಳಿದ್ದವು. ಇವಳು ಅವನನ್ನು ಕೊಟ್ಟಿಗೆಯಲ್ಲಿ ಕೂರಿಸಿ ಊಟ ಇಕ್ಕಿದಳು. ಏನೋ ಮಾತಿಗೆ ಮಾತು ಬೆಳೆದು ಒನಕೆಯಿಂದ ತಲೆಗೆ ಹೊಡೆದಳು. ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬಂದ ಗಂಡ, ರಕ್ತ ಹತ್ತಿದ ಒನಕೆ ಹಿಡಿದು ಹೊರಗೆ ಬರುತ್ತಿದ್ದ ಹೆಂಡತಿಯನ್ನು ಕಣ್ಣಾರೆ ಕಂಡ. ಠಾಣೆಗೆ ಹೋಗಿ ದೂರು ಕೊಟ್ಟವನೂ ಅವನೇ. ಸತ್ತವನು ಯಾರೆಂದು ಯಾರಿಗೂ ಗೊತ್ತಿಲ್ಲ. ಅನಾಥ ಹೆಣವೆಂದು ಪುರಸಭೆಯವರು ಹೂತುಬಿಟ್ಟಿದ್ದರು.

ಮೊದಲು ಅವಳ ಮಗನನ್ನು ಕಚೇರಿಗೆ ಕರೆಸಿದೆ. ಕೂರು ಎಂದರೂ ಕೂರಲಿಲ್ಲ.

"ನಮ್ಮಮ್ಮನೇ ಮಾಡವ್ಳೆ ಸಾರ್. ನಮ್ಮಪ್ಪ ಯಾಕ್ ಸುಳ್ ಏಳ್ತಾನೆ?"

"ಆ ಮುದುಕನನ್ನು ನೀನು ನೋಡಿದೆಯಾ?"

"ನಾನು ಸೆಕೆಂಡ್ ಶಿಫ್ಟಿಗೆ ಒರಟಾಗ ಬಂದ. ಬಿಕ್ಷೆಯೋನು ಅಂದ್ಳು ನಮ್ಮಮ್ಮ. ನಾನು ಕೆಲ್ಸಕ್ಕೆ ಓದೆ."

"ಜೈಲಿಗೆ ಹೋಗಿ ತಾಯಿಯನ್ನು ನೋಡಿದೆಯಾ?"

"ಯಾವ್ ಮುಖ ಇಟ್ಕಂಡು ಓಗ್ಲಿ ಸಾರ್" ಎಂದು ಚಪ್ಪಲಿ ಮೆಟ್ಟಿಕೊಂಡ.

ಎರಡನೆಯ ಸಲ ಜೈಲಿಗೆ ಹೋದಾಗ ನಾನು ಮಗನ ಮಾತು ಎತ್ತಲಿಲ್ಲ. ದೂರುದಾರನ ಹೇಳಿಕೆ ಓದಿ ಹೇಳಿದೆ. ನಾನು ಓದಿದ್ದು ಕಾಗದದಲ್ಲಿದ್ದ ಹಾಗೆ, ಅವಳ ಗಂಡ ಮುನಿಶಾಮಪ್ಪ ಇಂತಿಂಥದ್ದು ನೋಡಿದ ಎಂದು. ಅವಳು ನೆಲ ಕೆರೆಯುತ್ತಾ ಕೇಳಿದಳು. ಮುಗಿದ ಮೇಲೆ ಮೂಗು ಮುರಿದು, "ಪಿಳ್ಳ ಇಷ್ಟೆಲ್ಲ ಏಳವ್ನಾ" ಎಂದಳು.

ನಮ್ಮ ಕಡೆಯ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮತಗಟ್ಟೆಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಪಕ್ಕದವಳ ಕಡೆ ನೋಡುತ್ತಾರೆ, ಪಕ್ಕದವಳು ಹೇಳುತ್ತಾಳೆ. ಇವಳು ಮೂವತ್ತು ವರ್ಷ ಬಾಳಿದ ಗಂಡನನ್ನು ಕುರಿ ಕಾಯುವ ಹುಡುಗನನ್ನು ಕರೆದ ಹಾಗೆ ಪಿಳ್ಳ ಎಂದಳು. ಅದೂ ಕಾಗದದಲ್ಲಿ ಎಲ್ಲೂ ಇಲ್ಲದ ಹೆಸರು.

ನಾನು ಕಿವಿ ನೆಟ್ಟಗೆ ಮಾಡಿದರೂ ಮುಖ ಪೆದ್ದನ ಹಾಗೇ ಇಟ್ಟುಕೊಂಡೆ. ಅದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

"ಅದಿರಲಿ, ಸತ್ತನಲ್ಲ ಆ ಮುದುಕ, ಅವನ ಹೆಸರೇನಮ್ಮ?"

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಸೆರಗನ್ನು ಎಳೆದು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ಅಲ್ಲಿ ಪಕ್ಕದವಳು ಯಾರೂ ಇರಲಿಲ್ಲ. ಅಂಥ ಸೆರಗನ್ನು ನಾನು ಸಾವಿರ ಸಲ ನೋಡಿದ್ದೇನೆ.

ಮತ್ತೆ ಶವದ ಮಹಜರು ತೆಗೆದು ಓದಿದೆ. ಸತ್ತವನ ಉಡಿದಾರದಲ್ಲಿ 'ಹಿತ್ತಾಳೆಯ ತಾಯಿತ ಒಂದು' ಎಂದಿತ್ತು. ಜಪ್ತಿಯಾದ ವಸ್ತುಗಳನ್ನು ಕಾಯುವ ಕೋರ್ಟಿನ ಮುದ್ದೆಮಾಲು ಗುಮಾಸ್ತನಿಗೆ ಬೆಣ್ಣೆ ಹಚ್ಚಿ, ಅರ್ಜಿ ಹಾಕಿ, ಆ ವಸ್ತು ನೋಡಿದೆ. ತಾಯಿತ ಎಂದು ಬರೆದ ಪೊಲೀಸಪ್ಪ ಯಾವ ಊರಿನವನೋ. ನಾನು ಗಣಿಯ ಲೈನ್ ಮನೆಯಲ್ಲಿ ಹುಟ್ಟಿದವನು. ಅದು ಹಳೇ ಕಾಲದ ಗಣಿಯ ಬಿಲ್ಲೆ. ಕೆಲಸಕ್ಕೆ ಸೇರಿದಾಗ ಪ್ರತಿ ಕೂಲಿಗೂ ನಂಬರು ಹೊಡೆದ ಇಂಥ ಬಿಲ್ಲೆ ಕೊಡುತ್ತಿದ್ದರು, ಅದು ಅವನ ಹತ್ತಿರವೇ ಇರುತ್ತಿತ್ತು. ಅಂಚಿನಲ್ಲಿ ಯಾರೋ ಅರದಿಂದ ಕಚ್ಚು ಹಾಕಿದ್ದರು, ಒತ್ತೊತ್ತಾಗಿ, ಇಲಿ ಕಡಿದ ಹಾಗೆ.

ಅದೇ ವಾರ ಗಣಿಯ ಬಾಯಿಯ ಹತ್ತಿರದ ಟೀ ಅಂಗಡಿಗೆ ಹೋಗಿ ಕೂತೆ. ಕೆಳಗಿಳಿಯುವವರು ಕಿಟಕಿಗೆ ಬಿಲ್ಲೆ ತೋರಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಚಿಕ್ಕಂದಿನಿಂದ ನೋಡಿದ್ದೇ. ಆದರೂ ಪರೀಕ್ಷೆ ಮಾಡದೆ ಕೋರ್ಟಿಗೆ ಒಯ್ಯುವುದು ನನ್ನ ಪದ್ಧತಿಯಲ್ಲ. ಟೀ ಕುಡಿಯಲು ಬಂದ ಇಬ್ಬರ ಬಿಲ್ಲೆಗಳನ್ನು ಬೆಂಚಿನ ಮೇಲಿಂದ ಅದಲು ಬದಲು ಮಾಡಿದೆ. ಒಬ್ಬ ಎತ್ತಿಕೊಂಡು ಕಣ್ಣಿನ ಹತ್ತಿರ ಒಯ್ದವನು ನಂಬರು ಕಂಡು ಕೆಂಡ ಬಿಟ್ಟ ಹಾಗೆ ಕೈಬಿಟ್ಟ.

"ಯಾವನ್ಲಾ ಅವನು ಬದಲಾಯಿಸ್ದೋನು? ಇನ್ನೊಬ್ಬನ ಬಿಲ್ಲೆ ಕಣ್ಗೊತ್ಕಂಡ್ರೆ ಅವನ ಸಾವು ನಮಗೆ ಬತ್ತದೆ."

"ಮತ್ತೆ ಬದಲಿ ಹೋಗೋರು ಏನು ಮಾಡ್ತಾರಪ್ಪ?" ಎಂದೆ. ಒಬ್ಬನಿಗೆ ಜ್ವರ ಬಂದರೆ ಅವನ ಬಿಲ್ಲೆ ಹಿಡಿದು ಭಾವಮೈದುನನೋ ಗೆಳೆಯನೋ ಕೆಳಗಿಳಿದು ಬರುವುದು ಆಗೆಲ್ಲ ಇತ್ತು. ಬಿಲ್ಲೆ ನೋಡುವ ಕಿಟಕಿಗೆ ನಂಬರು ಸಾಕು, ಮುಖ ಬೇಡ.

"ಬದಲಿಯೋನು ಜೇಬಿಗೆ ಆಕ್ಕಂತಾನೆ. ಕಣ್ಗೆ ಒತ್ಕಣಲ್ಲ."

ಟೀ ಅಂಗಡಿಯವನು ನಡುವೆ ಬಾಯಿ ಹಾಕಿದ. "ಬೂದಿಕೋಟೆ ರಸ್ತೆ ಮುನಿಶಾಮಪ್ಪ ಇಲ್ವಾ ಸಾಮಿ, ಆ ಮುದುಕ ತನ್ ಬಿಲ್ಲೇನೂ ಒತ್ಕಣಲ್ಲ. ನಾನು ಅಂಗಡಿ ಇಟ್ಟಾಗಿಂದ ನೋಡಿಲ್ಲ. ದೇವ್ರ ಬಯ ಇಲ್ಲ ಅವನ್ಗೆ."

ನಾನು ಅವನ ಬೋಂಡ ಕೆಟ್ಟದಾಗಿದ್ದರೂ ಹೊಗಳಿ ಎದ್ದುಬಂದೆ.

ಮೂರನೆಯ ಸಲ ಜೈಲಿಗೆ ಹೋಗಿ ಅವಳ ಮುಂದೆ ಕೂತು, "ಸತ್ತವರು ನಿನ್ನ ಗಂಡ. ಬದುಕಿರೋನು ಬದಲಿ" ಎಂದೆ. ಅವಳು ಅಳುತ್ತಾಳೆಂದು ಕಾದೆ. ಅಳಲಿಲ್ಲ. ಹಾಲಿನ ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತಾ ಹೋದಳು.

ದೊಡ್ಡ ಯುದ್ಧದ ಕಾಲದಲ್ಲಿ ಬಂಗಾರಪೇಟೆಯ ಮೈದಾನದಲ್ಲಿ ಸೈನ್ಯದ ಕೂಲಿ ದಂಡಿಗೆ ಜನ ಹಿಡಿಯುತ್ತಿದ್ದರು. ಕಾಮಸಮುದ್ರದ ಕಡೆಯ ಪಿಳ್ಳಪ್ಪ ಗೆಳೆಯರ ಮುಂದೆ ಜಂಬಕ್ಕೆ ಹೆಬ್ಬೆಟ್ಟು ಒತ್ತಿದ. ಹೊರಡುವ ದಿನ ಬಂದಾಗ ಹೆದರಿ ಮೂಲೆ ಸೇರಿದ. ಅವನ ಜೊತೆ ಗಣಿಯಲ್ಲಿ ಇಳಿಯುತ್ತಿದ್ದ ಇವಳ ಗಂಡ, ಮದುವೆಯಾಗಿ ವರ್ಷ ತುಂಬದವನು, "ಮೂರು ತಿಂಗ್ಳು ನಾನು ಬದಲಿ ಓಗ್ಬತ್ತೀನಿ ಬುಡ್ಲಾ. ನನ್ ಬಿಲ್ಲೆ ಇಟ್ಕಂಡು ನೀನು ಇಳೀತಿರು, ಮನೆ ನೋಡ್ಕ" ಎಂದ. ಇಬ್ಬರೂ ಬಿಲ್ಲೆ ಬದಲಾಯಿಸಿಕೊಂಡರು. ಗಣಿಯ ಜನ ಯುದ್ಧವನ್ನೂ ಒಂದು ಶಿಫ್ಟು ಅಂದುಕೊಂಡರು.

ಬರ್ಮಾದಿಂದ ತಂತಿ ಬಂತು. ಪಿಳ್ಳಪ್ಪ ಸತ್ತ ಎಂದು, ಪಿಳ್ಳಪ್ಪನ ತಾಯಿಗೆ. ಮಗ ಬದುಕಿದ್ದಾನೆಂದರೆ ಸೈನ್ಯಕ್ಕೆ ಮೋಸ ಮಾಡಿದ ಅಂತ ಜೈಲು. ಆ ತಾಯಿ ಊರೆದುರು ಎದೆ ಬಡಿದುಕೊಂಡು ತಿಥಿ ಮಾಡಿದಳು. ಪಿಳ್ಳಪ್ಪ ಕತ್ತಲಲ್ಲಿ ಹಿತ್ತಲಿಗೆ ಹೋಗಿ ತನ್ನ ತಿಥಿಯ ವಡೆ ತಿಂದು ಬಂದನಂತೆ. ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ಅವಳೂ ಸ್ವಲ್ಪ ನಕ್ಕಳು. ಆಮೇಲೆ ಅವನು ಪಿಳ್ಳಪ್ಪ ಆಗುವ ಹಾಗೇ ಇರಲಿಲ್ಲ. ಗಣಿಯಲ್ಲಿ ಮುನಿಶಾಮಪ್ಪ, ಮನೆಯಲ್ಲೂ ಮುನಿಶಾಮಪ್ಪ. ಅವನು ಗಣಿಯ ಬೇರೆ ಬಾಯಿಗೆ ಹೋದ, ಗುರುತಿನವರಿಲ್ಲದ ಹಳ್ಳಿ ನೋಡಿ ಮನೆ ಮಾಡಿದರು.

"ಮೊದ್ಲು ಜಗಲೀಲಿ ಮಲಗ್ತಿದ್ದ" ಎಂದಳು. "ಆಮ್ಯಾಕೆ ಮಳೆಗಾಲ ಬಂತು."

"ಮೊನ್ನೆ ಅವರು ಬಂದಾಗ ಗುರುತು ಸಿಕ್ಕಿತಾ?"

"ನಡಿಗೇಲೇ ಸಿಕ್ತು."

"ಏನಂದೆ?"

"ಆಲು ಮುಗೀತು, ಓಗಿ ಅಂದೆ."

ಬಾಗಿಲಲ್ಲಿ ಮಗ ನಿಂತಿದ್ದನಂತೆ. ಅವನು ಕೆಲಸಕ್ಕೆ ಹೋದ ಮೇಲೆ ಮುದುಕನನ್ನು ಕೊಟ್ಟಿಗೆಯಲ್ಲಿ ಕೂರಿಸಿ, ಹಸುವಿಗೆ ಹಿಂಡಿ ಕಲೆಸುವ ತಟ್ಟೆ ತೊಳೆದು ಮುದ್ದೆ ಇಕ್ಕಿದಳು. ಅಷ್ಟು ಹೊತ್ತಿಗೆ ಪಿಳ್ಳಪ್ಪನ ಸೈಕಲ್ಲು ಬಂತು. ಮುದುಕ ಜಗಳವಾಡಲಿಲ್ಲ. ಯುದ್ಧದಲ್ಲಿ ಸೆರೆ ಸಿಕ್ಕಿ, ಸತ್ತವರ ಪಟ್ಟಿಗೆ ಸೇರಿ, ಬರ್ಮಾದಲ್ಲೇ ಉಳಿದು, ಅಲ್ಲಿಂದ ಓಡಿಸಿದಾಗ ಹಡಗಿನಲ್ಲಿ ಮದರಾಸಿಗೆ ಬಂದು, ನಿರಾಶ್ರಿತರ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಎದೆ ಕಾಯಿಲೆ ಹತ್ತಿ, ಇನ್ನು ಉಳಿಯುವುದಿಲ್ಲ ಎಂದಾಗ ಗಣಿಯಲ್ಲಿ ವಿಚಾರಿಸಿಕೊಂಡು ಬಂದಿದ್ದ.

"ಮನೆ ಬ್ಯಾಡ, ಎಂಡ್ರು ಬ್ಯಾಡ, ನನ್ ಎಸರು ಕೊಟ್ಬುಡ್ಲಾ ಪಿಳ್ಳ, ಸಾಯಾಕೆ ಬೇಕು ಅಂದ್ರು. ಅಷ್ಟೇ ಸ್ವಾಮಿ. ಇವನು ಬಾಗ್ಲಿಗೆ ಅಡ್ಡ ಇಕ್ಕೋ ಗಣಿ ಕಂಬಿ ತಗಂಡು ತುದೀಲಿ ಕುಟ್ದ. ಅವರು ಕೂತಂಗೇ ಇದ್ರು. ಬಾಯಲ್ಲಿ ಮುದ್ದೆ ಇತ್ತು."

ಆಮೇಲೆ ಪಿಳ್ಳಪ್ಪ ಒನಕೆಯನ್ನು ರಕ್ತದಲ್ಲಿ ಹೊರಳಿಸಿ ಅವಳ ಕೈಗೆ ಕೊಟ್ಟ. ಹೆಂಗಸು ಎಂದು ಬೇಗ ಬಿಡುತ್ತಾರೆ, ನಾನು ಒಳಗೆ ಹೋದರೆ ನಾನು ಯಾರೆಂದು ಕೆದಕುತ್ತಾರೆ, ಮಗನ ಕೆಲಸ ಹೋಗುತ್ತದೆ ಎಂದ. ಸೈಕಲ್ಲು ಹತ್ತಿ ಠಾಣೆಗೆ ಹೋದ.

"ಇದನ್ನೆಲ್ಲ ಕೋರ್ಟಲ್ಲಿ ಹೇಳ್ತೀನಿ" ಎಂದೆ.

ಅವಳು ಕಂಬಿಯ ಸಂದಿಯಿಂದ ಕೈ ಹಾಕಿ ನನ್ನ ಕೋಟು ಹಿಡಿದಳು. "ಏಳ್ಬ್ಯಾಡಿ. ನನ್ ಮಗನಿಗೆ ಒಂದು ಅಪ್ಪನ ಎಸರು ಐತೆ. ಅದರ ಮ್ಯಾಲೆ ಅವನ ಅನ್ನ ಐತೆ. ನನ್ ಕತ್ತು ಓದ್ರೆ ಓಗ್ಲಿ."

ವಿಚಾರಣೆ ಶುರುವಾಯಿತು. ವೈದ್ಯರಿಗೆ ವರ್ಗವಾಗಿದ್ದರಿಂದ ಅವರ ಸಾಕ್ಷ್ಯ ಮೊದಲು. ಬುರುಡೆಯ ತೂತು ಎಷ್ಟು ಅಗಲ ಎಂದು ಕೇಳಿದೆ. ಹಳೇ ಎಂಟಾಣೆಯಷ್ಟು ಎಂದರು. ದುಂಡಗಿತ್ತೇ? ಇಲ್ಲ, ಮೂಲೆ ಮೂಲೆಯಾಗಿತ್ತು. ಗಣಿಯಲ್ಲಿ ಬಂಡೆ ಕೊರೆಯುವ ಕಂಬಿಗೆ ಆರು ಮುಖ ಇರುತ್ತದೆ, ಹಳೆಯವು ಕೆಲಸದವರ ಮನೆಗಳಲ್ಲಿ ಬಾಗಿಲಿನ ಅಗುಳಿಯಾಗಿರುತ್ತವೆ ಎಂದೆ. ನಾನು ಸಾಹೇಬರ ಕಡೆ ನೋಡಿ ಮೀಸೆ ತಿರುವಿದೆ. ಸರ್ಕಾರಿ ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು. ಒನಕೆಯ ತುದಿಯ ಕಬ್ಬಿಣದ ಬಳೆ ಸವೆದು ಒಡೆದಿದ್ದರೆ ಹೀಗಾಗಬಹುದೇ? ಆಗಬಹುದು ಎಂದರು ವೈದ್ಯರು. ನನ್ನ ಮೀಸೆ ಇಳಿಯಿತು. ಹೊರಗೆ ಬಂದಾಗ ಸರ್ಕಾರಿ ವಕೀಲರು, "ಏನ್ರೀ, ಇವತ್ತು ಕೊಡೆಯಲ್ಲಿ ಅಕ್ಕಿ ಇಲ್ವಾ" ಎಂದರು.

ಮರುದಿನ ಪಿಳ್ಳಪ್ಪನ ಪಾಟಿ ಸವಾಲು. ಬಂಗಾರಪೇಟೆಯಿಂದ ಕೋಲಾರಕ್ಕೆ ಹೋಗುವ ಸಣ್ಣ ರೈಲಿನಲ್ಲಿ ಕಿಟಕಿಗೆ ತಲೆ ಒರಗಿಸಿಕೊಂಡು ಯೋಚಿಸಿದೆ. ವೈದ್ಯರ ಸಾಕ್ಷ್ಯ ಕೈಕೊಟ್ಟಿತ್ತು. ಇನ್ನು ಕಣ್ಣಾರೆ ಕಂಡ ಸಾಕ್ಷಿಯನ್ನು ಮುರಿಯದಿದ್ದರೆ ಶಿಕ್ಷೆ ಖಂಡಿತ. ಮುರಿಯಬೇಕೆಂದರೆ ಅವಳು ಬೇಡ ಎಂದದ್ದನ್ನೇ ತೆಗೆಯಬೇಕು. ಕಕ್ಷಿಗಾರರ ಮಾತಿಗೆ ಬೆಲೆ ಕೊಡಬೇಕೆಂದು ಕಿರಿಯರಿಗೆ ಪಾಠ ಹೇಳುತ್ತಿದ್ದವನು ನಾನೇ. ರೈಲು ಕುಲುಕಿದಾಗಲೆಲ್ಲ ಆ ಬಾಯಿಯಲ್ಲಿದ್ದ ಮುದ್ದೆ ನೆನಪಾಗುತ್ತಿತ್ತು. ಅದೂ ಅಲ್ಲದೆ, ಅಂಥ ಆಟ ಕೈಗೆ ಸಿಕ್ಕಿರುವಾಗ ಆಡದೆ ಬಿಡುವ ಜಾಯಮಾನ ನನ್ನದಲ್ಲ. ಕೋಲಾರದಲ್ಲಿ ಇಳಿಯುವಾಗ ತೀರ್ಮಾನ ಮಾಡಿದ್ದೆ.

ಸಾಕ್ಷಿಕಟ್ಟೆಗೆ ಬಂದ ಪಿಳ್ಳಪ್ಪ ಬಿಳಿ ಪಂಚೆ ಉಟ್ಟು ಹಣೆಗೆ ಕುಂಕುಮ ಇಟ್ಟಿದ್ದ. ಹೆಂಡತಿಯ ಕಡೆ ನೋಡಲಿಲ್ಲ. ನಾನು ಕೊಲೆಯ ಮಾತನ್ನೇ ಎತ್ತಲಿಲ್ಲ. ಗಣಿಯ ಆಳ, ಸೆಕೆ, ಕತ್ತಲೆ, ಕಲ್ಲು ಸಿಡಿದಾಗ ಓಡಿದ್ದು, ಹೀಗೆ ಕೇಳುತ್ತಾ ಹೋದೆ. ಅವನಿಗೆ ಹುರುಪು ಬಂತು. ಸರ್ಕಾರಿ ವಕೀಲರು ಆಕಳಿಸಿದರು.

"ನಿನ್ನ ಬಿಲ್ಲೆ ಇದೆಯಾ ಯಜಮಾನ? ತೆಗಿ ನೋಡೋಣ."

ಅವನು ಜೇಬಿನಿಂದ ತೆಗೆದು ತೋರಿಸಿ ಹಾಗೇ ಜೇಬಿಗೆ ಹಾಕಿಕೊಂಡ.

"ಕೆಳಗೆ ದೀಪ ಆರಿಹೋದರೆ ನಿನ್ನ ಬಿಲ್ಲೆ ಯಾವುದು, ಪಕ್ಕದವನದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಬೆರಳಿಗೆ ಗೊತ್ತಾಗ್ತದೆ ಸ್ವಾಮಿ. ಹಳೇ ಜನ ನಾವು. ಗುರುತು ಮಾಡ್ಕಂಡಿರ್ತೀವಿ."

"ಬಿಡಪ್ಪ, ಸುಮ್ಮನೆ ಜಂಬ. ಕಣ್ಣು ಮುಚ್ಚಿಕೊಂಡು ಹೇಳ್ತೀಯಾ?"

"ಕೊಟ್ ನೋಡಿ."

ಮುದ್ದೆಮಾಲಿನ ಚೀಲ ಬಿಚ್ಚಿಸಲು ಸಾಹೇಬರನ್ನು ಕೇಳಿದೆ. ಸರ್ಕಾರಿ ವಕೀಲರು ಎದ್ದರು. "ಮಹಾಸ್ವಾಮಿ, ವಕೀಲರು ಈಗ ಸಾಕ್ಷಿಗೆ ತಾಯಿತ ಕಟ್ತಾರಂತೆ." ಎಲ್ಲರೂ ನಕ್ಕರು. ಸಾಹೇಬರು ನಗದೆ, "ಕೊಡಿ, ನೋಡೋಣ" ಎಂದರು.

ಪಿಳ್ಳಪ್ಪ ಕಣ್ಣು ಮುಚ್ಚಿ ಕೈ ಚಾಚಿದ. ಮೊದಲು ನನ್ನ ಕೋಟಿನ ಗುಂಡಿ ಕೊಟ್ಟೆ. "ಇದು ಗುಂಡಿ" ಎಂದು ನಕ್ಕ. ಆಮೇಲೆ ಹಿತ್ತಾಳೆಯ ಬಿಲ್ಲೆಯನ್ನು ಅಂಗೈ ಮೇಲೆ ಇಟ್ಟೆ. ಅವನ ಹೆಬ್ಬೆರಳು ಅಂಚಿನ ಮೇಲೆ ಹರಿದು ಕಚ್ಚುಗಳ ಮೇಲೆ ನಿಂತಿತು. ಮುಖದಲ್ಲಿ ನಗು ಹಾಗೇ ಇತ್ತು, ಕೈ ತಾನಾಗಿ ಮೇಲೆದ್ದಿತು. ಬಿಲ್ಲೆಯನ್ನು ಬಲಗಣ್ಣಿಗೆ ಒತ್ತಿಕೊಂಡ, ಎಡಗಣ್ಣಿಗೆ ಒತ್ತಿಕೊಂಡ, ಸೊಂಟದ ಕಡೆ ತಂದ.

"ಪಿಳ್ಳಪ್ಪ," ಎಂದೆ, "ಕಣ್ಣು ಬಿಡು."

ಬಿಟ್ಟ.

ಗಣಿಯ ಕಡೆಯ ಜನ ಹಿಂದಿನ ಬೆಂಚುಗಳಲ್ಲಿ ತುಂಬಿದ್ದರು. ಏನಾಯಿತೆಂದು ಅವರಿಗೆ ಮೊದಲು ತಿಳಿಯಿತು. ಗುಜುಗುಜು ಎದ್ದಿತು. ಸಾಹೇಬರಿಗೆ ತಿಳಿಯುವ ಹಾಗೆ ನಾನು ಸಾಕ್ಷಿಯ ಬಾಯಲ್ಲೇ ಒಂದೊಂದಾಗಿ ಹೇಳಿಸಿದೆ. ಯಾರ ಬಿಲ್ಲೆ ಕಣ್ಣಿಗೆ ಒತ್ತಿಕೊಳ್ಳುತ್ತೀರಿ? ನಮ್ಮದು. ಇನ್ನೊಬ್ಬನದ್ದು? ಒತ್ಕಣಲ್ಲ. ಜೇಬಿನಲ್ಲಿರುವುದನ್ನು ಯಾವತ್ತಾದರೂ ಒತ್ತಿಕೊಂಡಿದ್ದೀಯಾ? ಜೇಬು ಮುಚ್ಚಿಕೊಂಡ. ಸತ್ತವನ ಸೊಂಟದಲ್ಲಿದ್ದ ಬಿಲ್ಲೆ ನಿನ್ನದು ಹೇಗಾಯಿತು? ನಿಮ್ಮೂರಲ್ಲಿ ನಿನ್ನ ತಿಥಿ ಆಗಿದೆಯಲ್ಲ, ವಡೆ ಚೆನ್ನಾಗಿತ್ತೇ? ಕಟಕಟೆಯ ಮರ ಹಿಡಿದು ಅಲ್ಲೇ ಕುಸಿದು ಕೂತ. ಇವನ ಬಾಗಿಲಿನ ಕಂಬಿ ತರಿಸಿ ನೋಡಿ ಎಂದು ನಾನು ಹೇಳುವ ಮೊದಲೇ ಸಾಹೇಬರು ಬರೆದುಕೊಂಡಿದ್ದರು.

ಆರೋಪಿಯ ಕಟಕಟೆಯಲ್ಲಿ ಅವಳು ನನ್ನನ್ನು ನೋಡುತ್ತಿದ್ದಳು. ಬೆಂಚಿನ ಮೇಲಿದ್ದ ಮಗ ಎದ್ದು ಹೊರಗೆ ಹೋದ.

ಕೊನೆಗೆ ಸಾಹೇಬರೇ ಆರೋಪಿಯನ್ನು ಪ್ರಶ್ನೆ ಕೇಳುವ ದಿನ ಬಂತು. "ಸತ್ತ ವ್ಯಕ್ತಿಯ ಹೆಸರು ಹೇಳಮ್ಮ." ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ಇನ್ನೊಮ್ಮೆ ಕೇಳಿದರು. "ನಾನು ಎಸರು ಏಳ್ಬಾರ್ದು ಸ್ವಾಮಿ" ಎಂದಳು. ಸಾಹೇಬರು ಇದೇ ಜಿಲ್ಲೆಯವರು. ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನ ಪ್ರಶ್ನೆಗೆ ಹೋದರು.

ತರಿಸಿದ ಕಂಬಿಯ ತುದಿ ವೈದ್ಯರು ಹೇಳಿದ ಅಳತೆಗೆ ಹೊಂದಿತು, ಅವಳಿಗೆ ಬಿಡುಗಡೆಯಾಯಿತು. ಸರ್ಕಾರಿ ವಕೀಲರು ಕೈಕುಲುಕಿ, ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದರು. ನಾನೂ ನೋಡಿಲ್ಲ ಎಂದೆ. ಪಿಳ್ಳಪ್ಪನ ಮೇಲೆ ಕೊಲೆ ಕೇಸು ಹೂಡಿ ಒಳಗೆ ಹಾಕಿದರು. ಮಗನ ಕೆಲಸವನ್ನು ಗಣಿಯವರು ತಡೆಹಿಡಿದರು.

ಅವಳನ್ನು ಬಿಡಿಸಿಕೊಳ್ಳಲು ಜೈಲಿನ ಕಚೇರಿಗೆ ನಾನೇ ಹೋದೆ. ಮಗ ಅಲ್ಲಿ ನಿಂತಿದ್ದ. ಕರೆದುಕೊಂಡು ಹೋಗಲು ಬಂದನಲ್ಲ ಎಂದು ಬೆನ್ನು ತಟ್ಟಲು ಹೋದೆ. ಅವನು ಒಳಗಿಂದ ಬಂದ ತಾಯಿಯನ್ನು ದಾಟಿಕೊಂಡು ನನ್ನ ಮುಂದೆ ನಿಂತು ಕೈ ಮುಗಿದ.

"ಸಾರ್, ನಮ್ಮಪ್ಪನ ಕೇಸು ನೀವೇ ಇಡೀಬೇಕು. ನಿಮ್ಮಂತೋರು ಜಿಲ್ಲೇಲೇ ಇಲ್ಲ ಅಂತಾರೆ."

ತಲೆಯಾಡಿಸಿದೆ, ಆಗುವುದಿಲ್ಲ ಎಂದು.

ಜೈಲಿನ ಗುಮಾಸ್ತ ತಲೆ ಎತ್ತದೆ, "ಗಂಡನ ಹೆಸರು?" ಎಂದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. "ಯಾರಾದ್ರೂ ಹೇಳ್ರಪ್ಪ, ಆಯಮ್ಮ ಹೇಳಲ್ಲ" ಎಂದು ಗುಮಾಸ್ತ ಮಗನ ಕಡೆ ನೋಡಿದ. ಮಗ ಕಿಟಕಿಯ ಕಡೆ ತಿರುಗಿಕೊಂಡ. ಗುಮಾಸ್ತ ನನ್ನ ಕಡೆ ನೋಡಿದ. ಮೂರು ಭಾಷೆಯಲ್ಲಿ ಜನರ ಬಾಯಿ ಮುಚ್ಚಿಸುತ್ತಿದ್ದ ನಾನು ಕೋಟಿನ ಗುಂಡಿ ತಿರುವುತ್ತಾ ನಿಂತೆ.

ಅವಳು ಸೆರಗನ್ನು ಬಾಯಿಯಿಂದ ತೆಗೆದಳು.

"ಮುನಿಶಾಮಪ್ಪ" ಎಂದಳು. ಮೊದಲ ಸಲ ಹೇಳುವವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಸತ್ತೋಗವ್ರೆ. ಬರ್ಕಳಿ."

ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿ, ಯಾರ ಮುಖವನ್ನೂ ನೋಡದೆ ಗೇಟು ದಾಟಿ ಊರಿನ ಬಸ್ಸು ನಿಲ್ಲುವ ಕಡೆ ತಿರುಗದೆ ಬೇರೆ ದಾರಿ ಹಿಡಿದು ಹೋದಳು.